ಗವಿ ಬಾಗಿಲಲ್ಲಿ ಕೆಮ್ಮಣ್ಣು

ಹೋದ ತಿಂಗಳು ಒಂದು ಭಾನುವಾರ, ಮುಖಪರಿಚಯವೂ ಇಲ್ಲದ ಮುದುಕರೊಬ್ಬರು ನನ್ನ ಎರಡೂ ಅಂಗೈಗೆ ಕೆಮ್ಮಣ್ಣು ಬಳಿದರು.

ನನ್ನನ್ನು ಕೇಳಿ ಬಳಿದರಾ? ಎಲ್ಲಿ ಬಂತು! "ಕೈ ಚಾಚ್ರಿ ತಾಯಿ" ಅಂದರು, ಏನೋ ಪ್ರಸಾದ ಕೊಡ್ತಾರೆ ಅಂತ ಚಾಚಿದೆ. (ನಮ್ಮ ಜನಕ್ಕೆ ಕೈ ಚಾಚು ಅಂದರೆ ಸಾಕು. ಬಲಗೈ ತಾನಾಗೇ ಮುಂದೆ ಬರುತ್ತೆ, ಎಡಗೈ ಅದರ ಕೆಳಗೆ ಬಂದು ಕೂರುತ್ತೆ.) ಕಣ್ಣು ಮಿಟುಕಿಸೋದರಲ್ಲಿ ಮಡಕೆಯಿಂದ ಒಂದು ಹಿಡಿ ಕಲಸಿದ ಕೆಮ್ಮಣ್ಣು ತೆಗೆದು, ಅಂಗೈಯಿಂದ ಬೆರಳ ತುದಿವರೆಗೆ ಸವರಿಬಿಟ್ಟರು. ನಾನು ಉಟ್ಟಿದ್ದು ಬಿಳಿ ವಾಯಿಲ್ ಸೀರೆ. ಸೆರಗು ಜಾರಿದರೆ ಸರಿ ಮಾಡಿಕೊಳ್ಳೋಕೂ ಕೈ ಇಲ್ಲದ ಹಾಗಾಯ್ತು.

"ಇದ್ಯಾಕೆ?" ಅಂದೆ.

"ಒಳಗೆ ಬಿಳೀ ಕಲ್ಲು ಐತ್ರಿ. ಮುಟ್ಟಬಾರ್ದು. ಮುಟ್ಟಿದ್ರೆ ಕೆಂಪಗೆ ಅಚ್ಚು ಬೀಳ್ತದೆ. ನಂಗೆ ಗೊತ್ತಾಗ್ತದೆ."

ಅಂದರೆ ಏನರ್ಥ? ಒಳಗೆ ಹೋಗೋ ಮೊದಲೇ ನಾನು ಕಳ್ಳಿ ಅಂತ ತೀರ್ಮಾನ ಆಯ್ತಲ್ಲ! ಮೈಯೆಲ್ಲ ಉರಿದುಹೋಯ್ತು. ಇಷ್ಟು ದಿನ ಅನುಮಾನ ಪಡೋದು ನನ್ನ ಕೆಲಸವಾಗಿತ್ತು. ನನ್ನ ಮೇಲೇ ಒಬ್ಬರು ಅನುಮಾನ ಪಟ್ಟರೆ ಹೇಗಿರುತ್ತೆ ಅಂತ ಅವತ್ತೇ ಗೊತ್ತಾಗಿದ್ದು.

ಈ ಅಂಕಣ ಓದುವವರಿಗೆ ನನ್ನ ಸ್ವಭಾವ ಹೊಸದೇನಲ್ಲ. ಹಾಲಿನವಳು ಬಂದರೆ ಒಂದು ಹನಿ ಉಗುರ ಮೇಲೆ ಬಿಟ್ಟು ಹರಿಯುತ್ತಾ ನಿಲ್ಲುತ್ತಾ ನೋಡ್ತೀನಿ. ಬಟ್ಟೆ ಅಂಗಡಿಯಲ್ಲಿ "ಪ್ಯೂರ್ ಕಾಟನ್ ಅಕ್ಕಾ" ಅಂದರೆ, ಅಂಚಿನಿಂದ ಒಂದು ಎಳೆ ಕಿತ್ತು ಕಡ್ಡಿ ಗೀರಿ ಸುಟ್ಟು ನೋಡ್ತೀನಿ. (ಬೂದಿಯಾದರೆ ಹತ್ತಿ, ಗಂಟು ಕಟ್ಟಿದರೆ ಟೆರಿಲಿನ್. ಮಿಲ್ಲುಗಳ ಊರಲ್ಲಿ ಹುಟ್ಟಿ ಇಷ್ಟೂ ಗೊತ್ತಿಲ್ಲದಿದ್ದರೆ ಹೇಗೆ?) ದೋಸೆ ಹೋಟೆಲಿಗೆ ಹೋದರೆ ಅಡುಗೆಮನೆಗೆ ಇಣುಕಿ, ಕಾವಲಿ ಮೇಲೆ ಬೀಳ್ತಿರೋದು ಬೆಣ್ಣೆಯೋ ವನಸ್ಪತಿಯೋ ನೋಡದೆ ಕೂರೋದಿಲ್ಲ. ದಾವಣಗೆರೆಯಲ್ಲಿ ನನಗೆ ಮೋಸ ಮಾಡಿದವರು ಇನ್ನೂ ಹುಟ್ಟಿಲ್ಲ ಅಂತ ನನಗೊಂದು ಜಂಬ.

ನಮ್ಮ ಯಜಮಾನರು ಇದಕ್ಕೆ ಪೂರ್ತಿ ಉಲ್ಟಾ. ಹರಿಹರದ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಶಿಫ್ಟ್ ಬಸ್ಸಿನಲ್ಲಿ ಪಕ್ಕದವನ ಕೈಗೆ ಟಿಫಿನ್ ಡಬ್ಬಿ, ವಾಚು ಎರಡೂ ಕೊಟ್ಟು ನಿದ್ದೆ ಹೊಡೆಯೋ ಪೈಕಿ. ಅವರ ಜತೆ ಕೆಲಸ ಮಾಡೋ ಯಾರೋ, "ಕೊಂಡಜ್ಜಿ ಕೆರೆ ದಾಟಿ ಸ್ವಲ್ಪ ಮುಂದೆ ಹೋದ್ರೆ ಸುಣ್ಣದಕಲ್ಲಿನ ಗವಿ ಐತೆ, ಒಳಗೆ ಕಲ್ಲೇ ಹೂವಾಗಿ ಅರಳೈತೆ" ಅಂದಿದ್ದರಂತೆ. ಇವರು ನಂಬಿದರು. ನಾನು ನಂಬಲಿಲ್ಲ. ನಂಬದೇ ಇದ್ದದ್ದಕ್ಕೇ ನೋಡೋಕೆ ಹೊರಟೆ.

ಊರ ಹೆಸರು ಬರೆಯೋದಿಲ್ಲ. ಜನರ ಹೆಸರನ್ನೂ ಬದಲಾಯಿಸಿದ್ದೀನಿ. ಯಾಕೆ ಅಂತ ಮುಂದೆ ನಿಮಗೇ ಗೊತ್ತಾಗುತ್ತೆ.

ವಿನೋಬನಗರದ ನಮ್ಮ ಮನೆಯಿಂದ ಸ್ಕೂಟರಿನಲ್ಲಿ ಹೊರಟು, ಕೊಂಡಜ್ಜಿಯಲ್ಲಿ ಸ್ಕೌಟ್ ಹುಡುಗರ ಶಿಬಿರದ ಸೀಟಿ ಸದ್ದು ಕೇಳಿ, ಆಮೇಲೆ ಮಣ್ಣು ರಸ್ತೆ ಹಿಡಿದು ಆ ಊರು ಸೇರೋ ಹೊತ್ತಿಗೆ ನನ್ನ ಸೊಂಟ ನನ್ನದಾಗಿ ಉಳಿದಿರಲಿಲ್ಲ. ಊರ ಬಾಗಿಲಲ್ಲಿ ಒಂದು ಚಾ ಅಂಗಡಿ. ಅಲ್ಲಿ ಕೂತಿದ್ದವರು ಊರಿನ ಹಿರಿಯರು, ರುದ್ರಪ್ಪನವರು ಅಂತ ಇಟ್ಟುಕೊಳ್ಳಿ. ಗರಿಗರಿ ಪಂಚೆ, ಬೆಳ್ಳಿ ಕೂದಲು, ದೊಡ್ಡ ಮಾತು. ಚಾ ಮುಗಿಯೋದರೊಳಗೆ ಅವರ ಮನೆತನದ ಚರಿತ್ರೆಯೆಲ್ಲ ನಮ್ಮ ಕಿವಿಗೆ ಬಿದ್ದಿತ್ತು. ಎರಡು ವರ್ಷದ ಹಿಂದೆ ಮಗಳನ್ನು ಹರಿಹರಕ್ಕೆ ಕೊಟ್ಟರಂತೆ. ಬೀಗರು ಬಹಳ ದೊಡ್ಡ ಜನವಂತೆ. ಮದುವೆಯನ್ನು ಊರಲ್ಲೇ ಮಾಡಿ, ಬೀಗರಿಗೆ ಹೊಲ, ತೋಟ, ಗುಡ್ಡ ಎಲ್ಲ ತೋರಿಸಿ ಕಳಿಸಿದರಂತೆ.

ನಾನು ಪೇಪರಿಗೆ ಬರೀತೀನಿ ಅಂತ ಯಜಮಾನರು ಬಾಯಿಬಿಟ್ಟರು. (ಇವರಿಗೆ ಸುಮ್ಮನಿರೋಕೆ ಬರೋದೇ ಇಲ್ಲ.) ರುದ್ರಪ್ಪನವರು ಬೆಂಚನ್ನು ಹತ್ತಿರ ಎಳೆದುಕೊಂಡರು.

"ಹಂಗಾದ್ರೆ ಇದನ್ನೂ ಬರೀರಿ. ಗವಿ ಕಾಯಾಕ ಇಮಾಮ್‌ಸಾಬ್ ಅಂತ ಒಬ್ಬ ಅದಾನೆ. ಕೀಲಿ ಅವನ ಹತ್ರಾನೇ ಇರೋದು. ಒಳಗಿದ್ದ ದೊಡ್ಡ ಹೂವನ್ನ ಮುರಿದು ಮಾರಿಕೊಂಡಾನೆ."

"ಮಾರಿದ್ದನ್ನ ಯಾರಾದ್ರೂ ನೋಡಿದ್ರಾ?" ಅಂತ ಕೇಳಿದೆ.

"ನೋಡೋದೇನು ಬಂತು? ಮುರಿದು ಎರಡು ವರ್ಷ ಆಗೈತೆ. ಆ ಜಾಗಕ್ಕೆ ಗೋಣಿಚೀಲ ಮುಚ್ಚಿಟ್ಟು ಊರಿಗೆ ಒಂದು ಮಾತು ಹೇಳಿಲ್ಲ. ಹೋದ ವಾರ ಯಾರೋ ಚೀಲ ಎತ್ತಿ ನೋಡಿದ್ರು, ಗೊತ್ತಾತು. ಕದ್ದಿಲ್ಲಾಂದ್ರೆ ಮುಚ್ಚಿಡೋದು ಯಾಕ? ಮನೆಗೆ ಹೊಸ ಹೆಂಚು ಬ್ಯಾರೆ ಹಾಕ್ಸ್ಯಾನೆ. ಬರೋ ಭಾನುವಾರ ಪಂಚರು ಸೇರ್ತೀವಿ. ಕೀಲಿ ಇಸ್ಕಂತೀವಿ. ಗುಡ್ಡಾನ ಸುಣ್ಣದ ಭಟ್ಟಿಯೋರು ಕೇಳ್ತಾನೇ ಅದಾರೆ, ಕೊಟ್ಟುಬಿಡ್ತೀವಿ."

ಕಲ್ಲಿನ ಹೂವು ಬೆಂದು ಗೋಡೆಗೆ ಬಳಿಯೋ ಸುಣ್ಣ ಆಗುತ್ತೆ ಅಂತ ಆಯ್ತು. ಆದರೆ ಅವತ್ತು ನನ್ನ ತಲೆಗೆ ಹೋಗಿದ್ದು ಅದಲ್ಲ. ಮುಚ್ಚಿಟ್ಟ ಗೋಣಿಚೀಲ, ಹೊಸ ಹೆಂಚು! ಅನುಮಾನಕ್ಕೆ ಇಷ್ಟು ಸಾಕಾಗಿತ್ತು. ಗುಡ್ಡ ಹತ್ತುತ್ತಾ ಮನಸ್ಸಲ್ಲೇ ಅಂಕಣದ ಹೆಡ್ಡಿಂಗ್ ಕೂಡ ಬರೆದುಕೊಂಡಿದ್ದೆ, ಈಗ ಹೇಳೋಕೆ ನಾಚಿಕೆಯಾಗುತ್ತೆ.

ಇಂಥ ಹೊತ್ತಲ್ಲಿ ಆ ಮನುಷ್ಯ ನನ್ನ ಅಂಗೈಗೆ ಕೆಮ್ಮಣ್ಣು ಬಳಿದರೆ ನನಗೆ ಹೇಗಾಗಿರಬೇಡ?

ಇಮಾಮ್‌ಸಾಬರಿಗೆ ಎಪ್ಪತ್ತರ ಮೇಲಿರಬಹುದು. ಬಡಕಲು ಮೈ, ತಲೆಗೆ ಮಾಸಿದ ಟವೆಲ್ಲು. ಮಣ್ಣು ಸವರುವಾಗ ಅವರ ಬೆರಳು ತಾಗಿ ವಿಚಿತ್ರ ಅನ್ನಿಸಿತು. ಕೈಯೆಲ್ಲ ಒಡೆದು ಬಿರುಕು ಬಿಟ್ಟಿದ್ದರೂ ಬೆರಳ ತುದಿ ಮಾತ್ರ ಗೋಲಿಯಷ್ಟು ನುಣುಪು. ನಾನು ನೋಡ್ತಿರೋದು ಕಂಡು ಅವರೇ ಹೇಳಿದರು. ಸಣ್ಣ ವಯಸ್ಸಿನಿಂದ ಸುಣ್ಣದ ಭಟ್ಟಿ ಕೆಲಸವಂತೆ. ಸುಟ್ಟ ಸುಣ್ಣ ಬೆರಳನ್ನು ತಿಂದುಬಿಡುತ್ತಂತೆ. ಈ ಗುಡ್ಡದ ಕಲ್ಲನ್ನೇ ಒಡೆದು ಭಟ್ಟಿಗೆ ಹಾಕ್ತಿದ್ದರಂತೆ. ಮೂವತ್ತು ವರ್ಷದ ಹಿಂದೆ ಒಂದು ದಿನ ಹಾರೆ ಹಾಕಿದಾಗ ಕಲ್ಲಿನ ಬದಲು ಕತ್ತಲೆ ಸಿಕ್ಕಿತು.

"ಲಾಟೀನು ಹಿಡಿದು ಒಳಗೆ ಇಳಿದೆ ತಾಯಿ. ನೋಡಿ, ಮ್ಯಾಲೆ ಬಂದು, ಹಾರೆ ಕೆಳಗಿಟ್ಟೆ. ಆಮ್ಯಾಲೆ ಎತ್ತಲೇ ಇಲ್ಲ."

ಊರಿನವರು ಕಬ್ಬಿಣದ ಗೇಟು ಹಾಕಿ ಕೀಲಿಯನ್ನು ಇವರ ಕೈಗೇ ಕೊಟ್ಟರು. ಟಿಕೆಟ್ ಇಲ್ಲ, ಹುಂಡಿ ಇಲ್ಲ, ಸಂಬಳವೂ ಇಲ್ಲ. (ಏನೂ ಸಿಗದ ಕೆಲಸವನ್ನು ಮೂವತ್ತು ವರ್ಷ ಯಾರಾದ್ರೂ ಮಾಡ್ತಾರಾ? ಒಳಗೆ ಏನೋ ಇದೆ, ನನ್ನ ಮನಸ್ಸು ಹೇಳ್ತಾನೇ ಇತ್ತು.)

ಗೇಟು ದಾಟಿ, ಬಗ್ಗಿ, ಹತ್ತು ಹೆಜ್ಜೆ ಇಳಿದೆವು. ಇಮಾಮ್‌ಸಾಬರು ಲಾಟೀನು ಮೇಲೆತ್ತಿದರು.

ಗವಿ ಬಹಳ ದೊಡ್ಡದೇನಲ್ಲ. ನಮ್ಮ ಮನೆಯ ಹಾಲ್, ಅಡುಗೆಮನೆ ಸೇರಿಸಿದರೆ ಎಷ್ಟೋ ಅಷ್ಟು. ಆದರೆ ಇಡೀ ಛಾವಣಿಯಿಂದ ಬಿಳೀ ಎಳೆಗಳು ಇಳಿಬಿದ್ದಿದ್ವು. ಹಗ್ಗದ ಮೇಲೆ ಒಣಹಾಕಿದ ಶ್ಯಾವಿಗೆ ನೋಡಿದ್ದೀರಲ್ಲ, ಥೇಟ್ ಹಾಗೆ. ಒಂದೊಂದರ ತುದಿಗೂ ಒಂದು ಹನಿ ನೀರು. ಎಡಗಡೆ ಗೋಡೆ ತುಂಬ ಸಣ್ಣ ಸಣ್ಣ ಗುಳ್ಳೆ. "ಇದು ಮಂಡಕ್ಕಿ ಗ್ವಾಡೆ" ಅಂದರು ಇಮಾಮ್‌ಸಾಬರು. ಬಲಗಡೆ ತೆಳ್ಳಗೆ ಮಡಿಕೆ ಮಡಿಕೆಯಾಗಿ ಇಳಿದ ಕಲ್ಲು. ಹಿಂದೆ ಲಾಟೀನು ಹಿಡಿದರೆ ಬೆಳಕು ಈಚೆ ಬರುತ್ತೆ. "ಇದು ಸೆರಗು." ನೀರಲ್ಲಿ ಕರಗಿದ ಸುಣ್ಣ ಹನಿಹನಿಯಾಗಿ ಇಳಿದು ಗಟ್ಟಿಯಾಗಿ ಇಷ್ಟಾಗೋಕೆ ಸಾವಿರಾರು ವರ್ಷ ಬೇಕು ಅಂತ ಎಲ್ಲೋ ಓದಿದ್ದೆ. ಓದಿದ್ದು ಬೇರೆ. ಅಲ್ಲಿ ನಿಂತಾಗ ನನಗೆ ಅಳು ಬಂದ ಹಾಗಾಯ್ತು, ಯಾಕೆ ಅಂತ ಈಗಲೂ ಗೊತ್ತಿಲ್ಲ.

ಕೈ ತಾನಾಗೇ ಮೇಲೆದ್ದಿತು. ಮುಟ್ಟಬೇಕು ಅನ್ನಿಸಿತು. ಕಣ್ಣೆದುರಿಗೆ ಕೆಂಪು ಅಂಗೈ ಬಂತು. ಕೆಳಗಿಳಿಸಿದೆ.

ಆಗಲೇ ಮೂಲೆಯಲ್ಲಿದ್ದ ಗೋಣಿಚೀಲ ಕಣ್ಣಿಗೆ ಬಿದ್ದದ್ದು.

"ಅಲ್ಲೇನಿದೆ?"

"ಏನೂ ಇಲ್ರಿ. ಬ್ಯಾಡ್ರಿ ಅದು."

ಬೇಡ ಅಂದಿದ್ದನ್ನು ನಾನು ಬಿಟ್ಟಿದ್ದು ಯಾವಾಗ? ಎರಡೇ ಬೆರಳಲ್ಲಿ ಚೀಲದ ತುದಿ ಎತ್ತಿದೆ. ಕೆಳಗೆ, ಬಂಡೆಯ ಮೇಲೆ ಪುಟ್ಟ ಪುಟ್ಟ ಬಿಳೀ ಹೂಗಳು. ಎಸಳಿನ ಬದಲು ಸೂಜಿ ಸೂಜಿ ಕಲ್ಲು. ನಡುವೆ ಒಂದು ಮುರಿದ ಮೊಂಡು. ಕೈಮುಷ್ಟಿ ಗಾತ್ರದ್ದೇನೋ ಅಲ್ಲಿಂದ ಕಿತ್ತುಹೋಗಿತ್ತು.

"ಸೂಜಿಮಲ್ಲಿಗಿ ಅಂತಿದ್ದೆ ಅದಕ್ಕ" ಅಂದರು ಇಮಾಮ್‌ಸಾಬರು. ದನಿ ಸಣ್ಣಗಾಗಿತ್ತು. "ಎರಡು ವರ್ಷದ ಹಿಂದೆ ಒಂದು ಮದುವಿ ಮಂದಿ ಬಂದ್ರು. ಇಪ್ಪತ್ತು ಜನ ಒಟ್ಟಿಗೇ ನುಗ್ಗಿದ್ರು. ಎಲ್ಲಾರ ಕೈಗೂ ಮಣ್ಣು ಹಚ್ಚಿದೆ. ಹೊರಗೆ ಬರೋವಾಗ ಎಲ್ಲಾರ ಕೈ ನೋಡಾಕ ಆಗ್ಲಿಲ್ಲ. ಒಳಗೆ ಹೋಗಿ ನೋಡ್ತೀನಿ, ಇಲ್ಲ."

"ಯಾರ ಮದುವೆ?"

ಅವರು ಲಾಟೀನಿನ ಬತ್ತಿ ಸರಿಮಾಡಿದರು.

"ಊರಿಗೆ ಯಾಕೆ ಹೇಳಲಿಲ್ಲ?"

"ಹೆಂಗೆ ಹೇಳ್ಲಿ ತಾಯಿ?"

ಎರಡು ವರ್ಷದ ಹಿಂದೆ ಆ ಊರಲ್ಲಿ ಎಷ್ಟು ಮದುವೆಗಳಾಗಿದ್ವು ಅಂತ ನಾನು ವಿಚಾರಿಸಿಲ್ಲ. ಚಾ ಅಂಗಡಿಯಲ್ಲಿ ಒಂದರ ಸುದ್ದಿಯಂತೂ ಕೇಳಿದ್ದೆ. ಮಾಮೂಲಿ ದಿನವಾಗಿದ್ದರೆ ನನ್ನ ಅನುಮಾನ ಅಲ್ಲಿಂದಲೇ ಟಾಪ್ ಗೇರಿಗೆ ಬೀಳಬೇಕಿತ್ತು. ಬೀಳಲಿಲ್ಲ. ನಾನು ಆ ಸೂಜಿ ಹೂಗಳನ್ನೇ ನೋಡ್ತಾ ನಿಂತುಬಿಟ್ಟಿದ್ದೆ.

ಯಾಕೆಂದರೆ, ಕಿತ್ತುಹೋದ ಆ ಹೂವನ್ನು ನಾನು ಮೊದಲೇ ನೋಡಿದ್ದೆ. ದಿನಾ ನೋಡ್ತಿದ್ದೆ. ವಾರಕ್ಕೊಮ್ಮೆ ಬ್ರಷ್ ಹಿಡಿದು ಅದರ ಧೂಳು ತೆಗೀತಿದ್ದೆ.

ಅದು ನಮ್ಮ ಮನೆಯ ಶೋಕೇಸಿನಲ್ಲಿತ್ತು.

ಯಜಮಾನರು ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ಹೊರಗೆ ಬಂದ ಮೇಲೆ ಇಮಾಮ್‌ಸಾಬರು ನಮ್ಮ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿ, ನೀರು ಹಾಕಿ ತೊಳೆಸಿ, "ಚೊಲೋ ಜನ ನೀವು, ಮುಟ್ಟಿಲ್ಲ" ಅಂದರು. ಭೂಮಿ ಬಾಯಿಬಿಡಬಾರದಾ ಅನ್ನಿಸಿತು. ಒಂದು ಮಾತೂ ಆಡದೆ ಸ್ಕೂಟರ್ ಹತ್ತಿ ಬಂದುಬಿಟ್ಟೆವು.

ಈಗ ಆ ಕಲ್ಲು ನಮ್ಮ ಮನೆಗೆ ಬಂದ ಕಥೆ ಹೇಳಬೇಕು.

ಎರಡು ವರ್ಷದ ಹಿಂದೆ ಹರಿಹರದ ಸಂತೆ. ರುದ್ರಾಕ್ಷಿ, ಶಂಖ, ಸ್ಫಟಿಕ ಎಲ್ಲ ಗುಡ್ಡೆ ಹಾಕಿಕೊಂಡು ಒಬ್ಬ ಕೂತಿದ್ದ. ನಡುವೆ ಈ ಹೂವು. "ಭೂಮಿಯೊಳಗೆ ಬೆಳೆದ ಹೂವು ಅಕ್ಕಾ, ಮನ್ಯಾಗ ಇಟ್ರೆ ಶಾಂತಿ" ಅಂದ. ನಾನು ಬಿಡ್ತೀನಾ? ಪ್ಲಾಸ್ಟರ್ ಆಫ್ ಪ್ಯಾರಿಸ್ ಇರಬಹುದು ಅಂತ ಉಗುರಲ್ಲಿ ಕೆರೆದೆ. ಮೇಣ ಇರಬಹುದು ಅಂತ ಮೂಸಿದೆ. ಮುಂದಿನ ಅಂಗಡಿಯಿಂದ ಒಂದು ನಿಂಬೆಹಣ್ಣು ತಂದು, ಕೊಯ್ಸಿ, ಬುಡದ ಮೇಲೆ ರಸ ಹಿಂಡಿದೆ. ಸಣ್ಣಗೆ ನೊರೆ ಬಂತು. ಅಪ್ಪಟ ಸುಣ್ಣದಕಲ್ಲು! ಸಂತೆಯವರೆಲ್ಲ ಸುತ್ತ ನಿಂತು ನೋಡ್ತಿದ್ದರು. ಗೆದ್ದು ಬಂದವಳ ಹಾಗೆ ಅದನ್ನು ಮನೆಗೆ ತಂದೆ.

ಬುಡದಲ್ಲಿ ಒಂದು ಕೆಂಪು ಕಲೆ ಇತ್ತು. ಒಂದು ಕಡೆ ನಿಂಬೆರಸಕ್ಕೆ ಹೋಗಿತ್ತು. ಉಳಿದದ್ದನ್ನು ನಾರು, ಸಬೀನಪುಡಿ, ಸೀಗೇಪುಡಿ, ಏನೇನು ಹಾಕಿ ಉಜ್ಜಿದರೂ ಜಗ್ಗಲಿಲ್ಲ. ಯಾರೋ ಪೂಜೆ ಮಾಡಿ ಕುಂಕುಮ ಹಚ್ಚಿರಬೇಕು ಅಂದುಕೊಂಡು, ಕಲೆ ಗೋಡೆ ಕಡೆ ಬರೋ ಹಾಗೆ ತಿರುಗಿಸಿಟ್ಟಿದ್ದೆ.

ಗವಿಯಿಂದ ಬಂದ ಮಾರನೇ ದಿನ ರೊಟ್ಟಿಗೆ ಹಿಟ್ಟು ನಾದುತ್ತಿದ್ದೆ. ಅಂಗೈ ಗೆರೆಗಳ ಸಂದಿಯಲ್ಲಿ ಕೆಮ್ಮಣ್ಣಿನ ಬಣ್ಣ ಇನ್ನೂ ಉಳಿದಿತ್ತು. ಹಿಟ್ಟನ್ನು ಅಲ್ಲೇ ಬಿಟ್ಟು ಶೋಕೇಸಿನ ಗಾಜು ಸರಿಸಿ ಹೂವನ್ನು ತಿರುಗಿಸಿದೆ. ಅದೇ ಬಣ್ಣ. ಕುಂಕುಮ ಎಲ್ಲಿ ಬಂತು? ಅದು ಹೆಬ್ಬೆರಳಿನ ಅಚ್ಚು. ಅರ್ಧ ಹೆಬ್ಬೆರಳು. ಕಿಟಕಿ ಬೆಳಕಿಗೆ ಹಿಡಿದರೆ ಬೆರಳಿನ ಗೆರೆಗಳೂ ಕಾಣ್ತಿದ್ವು.

ಕದ್ದವನು ತನ್ನ ಸಹಿ ಹಾಕಿಟ್ಟು ಹೋಗಿದ್ದ. ನಾನು ಎರಡು ವರ್ಷದಿಂದ ಅದನ್ನು ಉಜ್ಜಿ ಉಜ್ಜಿ ಅಳಿಸ್ತಿದ್ದೆ. ಅವನೇ ಸಂಬಳ ಕೊಟ್ಟು ಕೆಲಸಕ್ಕೆ ಇಟ್ಟುಕೊಂಡಿದ್ದರೂ ಇಷ್ಟು ನಿಯತ್ತಾಗಿ ಕೆಲಸ ಮಾಡೋ ಹೆಂಗಸು ಸಿಗ್ತಿದ್ದಳಾ?

ನನ್ನ ಮೇಲೇ ನನಗೆ ಸಿಟ್ಟು ಬಂದದ್ದು ಇನ್ನೊಂದಕ್ಕೆ. ಅವತ್ತು ಸಂತೆಯಲ್ಲಿ ಆ ಕಲ್ಲಿಗೆ ಎಷ್ಟು ಪರೀಕ್ಷೆ ಮಾಡಿದ್ದೆ! ಕೆರೆದೆ, ಮೂಸಿದೆ, ಹುಳಿ ಹಿಂಡಿದೆ. ಅಸಲಿಯೋ ನಕಲಿಯೋ ಅಂತ ನೂರು ಸಲ ಕೇಳಿದೆ. "ಎಲ್ಲಿಂದ ತಂದೆಯಪ್ಪಾ?" ಅಂತ ಒಂದೇ ಒಂದು ಸಲ ಕೇಳಲಿಲ್ಲ. ನನಗೆ ಮೋಸ ಆಗಬಾರದು, ಅಷ್ಟೇ. ಬೇರೆಯವರಿಗೆ ಮೋಸವಾಗಿ ಬಂದ ಮಾಲು ಅನ್ನೋ ಅನುಮಾನ, ಹಾಲಿನಿಂದ ಸೀರೆವರೆಗೆ ಎಲ್ಲವನ್ನೂ ಅನುಮಾನಿಸೋ ನನಗೆ ಬರಲೇ ಇಲ್ಲ.

ಆ ವಾರ ಪೂರ್ತಿ ಮನೆಯಲ್ಲಿ ಅದೇ ಮಾತು.

"ವಾಪಸ್ ಕೊಟ್ಟುಬಿಡೋಣ" ಅಂದೆ ಮಂಗಳವಾರ.

"ನಾವೇ ಕದ್ದಿದ್ವಿ ಅಂತಾರೆ" ಅಂದರು ಯಜಮಾನರು. ಯಾರನ್ನೂ ಅನುಮಾನಿಸದ ಮನುಷ್ಯನ ಬಾಯಲ್ಲಿ ಈ ಮಾತು!

ಬುಧವಾರ ನನಗೂ ಹಾಗೇ ಅನ್ನಿಸಿತು. ಪೇಪರಿನಲ್ಲಿ ಬರೆಯೋಳ ಮನೆಯಲ್ಲಿ ಕದ್ದ ಮಾಲು. ಬೀದಿಯವರಿಗೆ ಗೊತ್ತಾದರೆ? ಸಂಪಾದಕರಿಗೆ ಗೊತ್ತಾದರೆ? ಗುರುವಾರ ಯಜಮಾನರು ಒಂದು ಐಡಿಯಾ ಕೊಟ್ಟರು. ಬೆಳಗಿನ ಶಿಫ್ಟಿಗೆ ಹೋಗುವಾಗ ಹರಿಹರದ ಸೇತುವೆ ಮೇಲಿಂದ ತುಂಗಭದ್ರೆಗೆ ಎಸೆದುಬಿಡ್ತೀನಿ, ಯಾರಿಗೂ ಗೊತ್ತಾಗಲ್ಲ ಅಂತ. ಸುಳ್ಳು ಯಾಕೆ ಹೇಳಲಿ, ಒಂದು ರಾತ್ರಿಯ ಮಟ್ಟಿಗೆ ನಾನೂ ಒಪ್ಪಿದ್ದೆ. ಟಿಫಿನ್ ಡಬ್ಬಿ ಜತೆ ಚೀಲದಲ್ಲಿ ಕಟ್ಟಿಟ್ಟಿದ್ದೆ ಕೂಡ.

ಬೆಳಿಗ್ಗೆ ಚೀಲ ಕೊಡುವಾಗ "ಚೊಲೋ ಜನ ನೀವು" ಅಂದ ದನಿ ಕಿವಿಯಲ್ಲಿ ಕೇಳಿಸಿತು. ಕಲ್ಲು ಹೊರಗೆ ತೆಗೆದು, ಬರೀ ಡಬ್ಬಿ ಕೊಟ್ಟು ಕಳಿಸಿದೆ.

ಭಾನುವಾರ ಮತ್ತೆ ಅದೇ ಮಣ್ಣು ರಸ್ತೆ. ಹಳೇ ಸೀರೆಯಲ್ಲಿ ಸುತ್ತಿದ ಹೂವು ನನ್ನ ತೊಡೆ ಮೇಲೆ.

ಶಾಲೆಯ ಜಗಲಿ ಮೇಲೆ ಪಂಚರು ಸೇರಿದ್ದರು. ರುದ್ರಪ್ಪನವರು, ಇನ್ನೂ ನಾಲ್ಕು ಜನ. ಕೆಳಗೆ ಇಮಾಮ್‌ಸಾಬರು ನಿಂತಿದ್ದರು. ಕೀಲಿಯನ್ನು ಟವೆಲ್ಲಿನ ತುದಿಗೆ ಕಟ್ಟಿಕೊಂಡು, ಗಂಟನ್ನು ಎಡಮುಷ್ಟಿಯಲ್ಲಿ ಹಿಡಿದಿದ್ದರು. ನನ್ನನ್ನು ನೋಡಿ ರುದ್ರಪ್ಪನವರ ಮುಖ ಅರಳಿತು.

"ಬರ್ರಿ ಬರ್ರಿ, ಕೂಡ್ರಿ. ಪೇಪರಿನೋರೇ ಬಂದ್ರು. ಎಲ್ಲಾ ಬರ್ಕಳ್ರಿ."

ನಾನು ಸುತ್ತಿದ್ದ ಹಳೇ ಸೀರೆ ಬಿಡಿಸಿ ಹೂವನ್ನು ಜಗಲಿ ಮೇಲಿಟ್ಟೆ. ಸಂತೆ, ನಿಂಬೆಹಣ್ಣು, ಶೋಕೇಸು, ಎಲ್ಲ ಹೇಳಿದೆ.

ಆಮೇಲೆ ರುದ್ರಪ್ಪನವರು ಗಂಟಲು ಸರಿ ಮಾಡಿಕೊಂಡರು.

"ಸಂತ್ಯಾಗ ತಗಂಡ್ರಿ ಅಂತ ನಾವು ಹೆಂಗೆ ನಂಬಾದು? ಸಾಬ್ರೇ ನಿಮಗೆ ಕೊಟ್ಟಿರಬೌದು."

ನೋಡಿದಿರಾ? ಮೈ ಮತ್ತೆ ಉರೀತು. ಬಾಯಿಗೆ ಬಂದದ್ದನ್ನು ಅಂದುಬಿಡ್ತಿದ್ದೆ. ಅಷ್ಟರಲ್ಲಿ ಇಮಾಮ್‌ಸಾಬರು ಮುಂದೆ ಬಂದು, ಮಂಡಿಯೂರಿ, ಹೂವನ್ನು ಬಲಗೈಯಲ್ಲಿ ಎತ್ತಿಕೊಂಡರು. ಮಗುವಿಗೆ ಪೆಟ್ಟಾಗಿದೆಯಾ ಅಂತ ನೋಡೋ ಹಾಗೆ ಒಂದೊಂದು ಸೂಜಿಯನ್ನೂ ನೋಡಿದರು. ಬುಡ ತಿರುಗಿಸಿ ಬೆಳಕಿಗೆ ಹಿಡಿದರು.

"ಇಲ್ಲಿ ಬೆರಳ ಐತಲ್ರಿ."

"ಕಲ್ಲಿಗೆ ಹತ್ತಿರೋ ಮಣ್ಣು ಅದು" ಅಂದರು ಯಾರೋ.

"ಮಣ್ಣೇ ರೀ. ಹಸಿ ಕಲ್ಲು ಮಣ್ಣು ಕುಡಿದೈತೆ, ಹೋಗಾದಿಲ್ಲ. ನೋಡ್ರಿ, ಗೆರಿ ಅದಾವೆ."

ಇಮಾಮ್‌ಸಾಬರು ಗುಡ್ಡ ಹತ್ತಿ ಹೋಗಿ ಗವಿ ಬಾಗಿಲಿಂದ ಕೆಮ್ಮಣ್ಣಿನ ಮಡಕೆ ತಂದರು. ತಮ್ಮ ಹೆಬ್ಬೆರಳನ್ನು ಅದ್ದಿ ಶಾಲೆಯ ಬಿಳೀ ಗೋಡೆಗೆ ಒತ್ತಿದರು. ಬರೀ ಕೆಂಪು ಬೊಟ್ಟು. ಒಂದು ಗೆರೆ ಇಲ್ಲ. ಸುಣ್ಣ ತಿಂದ ಬೆರಳು.

"ಸೊಸೈಟಿ ಬುಕ್ಕಿಗೆ ನಾ ಹೆಬ್ಬೆಟ್ಟು ಒತ್ತಿದ್ರೆ ಗುಮಾಸ್ತ ಬೈತಿದ್ದ, ನೆಪ್ಪೈತಾ?" ಅಂತ ಪಂಚರ ಕಡೆ ನೋಡಿದರು. ಇಬ್ಬರು ತಲೆ ಅಲ್ಲಾಡಿಸಿದರು. ಅವರಿಗೆ ನೆನಪಿತ್ತು.

ಆಮೇಲೆ ನನ್ನ ಕಡೆ ತಿರುಗಿದರು. "ಕೈ ಚಾಚ್ರಿ ತಾಯಿ."

ಒತ್ತಿದೆ. ನನ್ನ ಬೆರಳು ಸಣ್ಣದು, ಕಲ್ಲಿನ ಮೇಲಿನ ಅರ್ಧ ಅಚ್ಚೇ ಅದಕ್ಕಿಂತ ಅಗಲ. ಯಜಮಾನರೂ ಒತ್ತಿದರು. ಮೊದಲೇ ಫಿಟ್ಟರ್, ಜೇಬಿನಿಂದ ಸ್ಕೇಲು ತೆಗೆದು ಎರಡನ್ನೂ ಅಳೆದು, "ನನ್ನದೂ ಅಲ್ಲ" ಅಂತ ಬಹಳ ಸಮಾಧಾನದಿಂದ ಹೇಳಿದರು. (ಅವರಿಗೇ ಡೌಟಿತ್ತೇನೋ.)

"ಪೂರ್ತಿ ಬೆರಳ ಇದ್ದಿದ್ರೆ ಚೊಲೋ ಇತ್ತು" ಅಂದರು ಇಮಾಮ್‌ಸಾಬರು. ನಿಂಬೆಹಣ್ಣಿನ ಕಥೆ ಅವರೂ ಕೇಳಿದ್ದರು. ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಒಳ್ಳೇದಿತ್ತು.

ಮಡಕೆಯನ್ನು ಎತ್ತಿಕೊಂಡು ಜಗಲಿಯ ಮುಂದೆ ಹಿಡಿದರು.

"ನೀವೂ ಒತ್ರಿ ರುದ್ರಪ್ನೋರೇ. ಎಲ್ಲಾರೂ ಒತ್ತಲಿ. ಬೀಗರು ಬಂದಾಗ ಅವರೂ ಒತ್ತಲಿ."

ದನಿಯಲ್ಲಿ ಸಿಟ್ಟಿರಲಿಲ್ಲ. "ಚಾ ಕುಡೀರಿ" ಅಂದ ಹಾಗೆ ಅಂದರು. ರುದ್ರಪ್ಪನವರ ಬಲಗೈ ಪಂಚೆಯ ಮಡಿಕೆಯೊಳಗೆ ಹೋಗಿಬಿಟ್ಟಿತು.

"ನಾವ್ಯಾಕ? ಏನ್ ಹುಡುಗಾಟ ಇದು?"

ಊರಿನ ಹಿರಿಯರು ಎಲ್ಲರೆದುರು ಬೆರಳು ಒತ್ತೋದಾ ಅನ್ನೋ ಬಿಗುಮಾನ ಇರಬಹುದು. ಬೇರೆ ಏನೋ ಇರಬಹುದು. ನನಗೆ ಏನನ್ನಿಸಿತು ಅಂತ ಬರೆದರೆ ಸಂಪಾದಕರು ಹೊಡೆದುಹಾಕ್ತಾರೆ, ಆದ್ದರಿಂದ ಬರೆಯೋದಿಲ್ಲ. ಕಂಡಿದ್ದನ್ನಷ್ಟೇ ಹೇಳ್ತೀನಿ. ಒಬ್ಬ ಪಂಚರಿಗೆ ಎಮ್ಮೆಗೆ ನೀರು ಕುಡಿಸೋದು ನೆನಪಾಯ್ತು. ಇನ್ನೊಬ್ಬರಿಗೆ ಹೊಲದಲ್ಲಿ ಮೋಟಾರು ಆಫ್ ಮಾಡೋದು ನೆನಪಾಯ್ತು. ಮಡಕೆ ಮುಂದೆ ಮುಂದೆ ಹೋದ ಹಾಗೆ ಕೈಗಳು ಹಿಂದೆ ಹಿಂದೆ ಹೋದ್ವು. ಕೊನೆಗೆ ರುದ್ರಪ್ಪನವರು ಎದ್ದು ಹೆಗಲ ಮೇಲಿನ ಟವೆಲ್ಲು ಒದರಿದರು.

"ಆತು ಬಿಡ್ರಿ. ಕಲ್ಲು ಸಿಕ್ತಲ್ಲ. ಕೀಲಿ ಸಾಬ್ರ ಹತ್ರಾನೇ ಇರ್ಲಿ. ಭಟ್ಟಿ ಮಾತು ಆಮ್ಯಾಲೆ ನೋಡಾಣ."

ಸಭೆ ಮುಗಿಯಿತು. ಇಮಾಮ್‌ಸಾಬರು ಆಗ ಟವೆಲ್ಲಿನ ಗಂಟಿನಿಂದ ಎಡಮುಷ್ಟಿ ಬಿಚ್ಚಿದರು. ಬೆರಳುಗಳು ಹಿಡಿದುಕೊಂಡುಬಿಟ್ಟಿದ್ವು. ಒಂದೊಂದನ್ನೇ ಇನ್ನೊಂದು ಕೈಯಿಂದ ಬಿಡಿಸಿಕೊಂಡರು. ಅದನ್ನು ನೋಡಿದಾಗ ನನಗೆ ಆದ ಸಂಕಟ ಅಷ್ಟಿಷ್ಟಲ್ಲ. ಈ ಮನುಷ್ಯನ ಮೇಲೆ ನಾನು ಹೆಡ್ಡಿಂಗ್ ಬರೆದುಕೊಂಡಿದ್ದೆ.

ಹೊಸ ಹೆಂಚಿನ ವಿಷಯ? ಅದನ್ನೂ ಕೇಳಿದೆ, ಕೇಳದೇ ಇರೋಕೆ ಆಗಲಿಲ್ಲ. ಹೋದ ಮಳೆಗಾಲದಲ್ಲಿ ಮಂಗ ಕುಣಿದು ಹಳೇವು ಒಡೆದಿದ್ವಂತೆ. ಅಳಿಯ ಹಾಕಿಸಿಕೊಟ್ಟನಂತೆ. ನಂಬಿದೆ. (ಅಷ್ಟಾದರೂ ಬುದ್ಧಿ ಬಂದಿತ್ತು.)

ಹೂವನ್ನು ಅದರ ಜಾಗಕ್ಕೆ ಸೇರಿಸೋಕೆ ಗವಿಗೆ ಹೊರಟೆವು. ಮುರಿದ ಕಲ್ಲು ಕೂಡಲ್ಲ, ಮೊಂಡಿನ ಪಕ್ಕದಲ್ಲಿ ಮಲಗಿಸಬೇಕು ಅಷ್ಟೇ ಅಂದರು ಇಮಾಮ್‌ಸಾಬರು. ಅದರ ಮೇಲೂ ಹನಿ ಬೀಳ್ತಾ ಇದ್ದರೆ ಎಂದೋ ಒಂದು ದಿನ ಕೂಡಿಕೊಂಡರೂ ಕೂಡಿಕೊಳ್ಳಬಹುದಂತೆ. ನೋಡೋಕೆ ನಾವ್ಯಾರೂ ಇರೋದಿಲ್ಲ.

ಗೇಟಿನ ಹತ್ತಿರ ಹೂವನ್ನು ನನ್ನಿಂದ ಇಸ್ಕೊಂಡು, ತಮ್ಮ ಟವೆಲ್ಲು ಹಾಸಿ ಅದರ ಮೇಲಿಟ್ಟರು. ನಾನು ಒಳಗೆ ಕಾಲಿಡಬೇಕು ಅನ್ನುವಾಗ ಅಡ್ಡ ನಿಂತರು. ಕೈಯಲ್ಲಿ ಮಡಕೆ.

"ಕೈ ಚಾಚ್ರಿ."

ನನಗೆ ಆಶ್ಚರ್ಯ. "ಇನ್ನೂ ನನ್ನ ಮೇಲೆ ನಂಬಿಕೆ ಇಲ್ವಾ ಇಮಾಮ್‌ಸಾಬ್ರೇ? ನಾನೇ ತಂದುಕೊಟ್ಟೆನಲ್ಲ!"

"ನಂಬ್ಕಿ ಐತ್ರಿ ತಾಯಿ, ಬಾಳ ಐತೆ" ಅಂದರು. ಅನ್ನುತ್ತಲೇ ಹೋದ ಸಲಕ್ಕಿಂತ ದಪ್ಪಗೆ ಬಳಿದರು.

ನಮ್ಮ ಶೋಕೇಸಿನಲ್ಲಿ ಈಗ ಮುಷ್ಟಿಯಷ್ಟು ಜಾಗ ಖಾಲಿ ಇದೆ. ಈ ಬರಹ ಓದಿದ ಮೇಲೆ ಆ ಊರು ಯಾವುದು, ಗವಿಗೆ ದಾರಿ ಹೇಗೆ ಅಂತ ನೀವು ಕಾಗದ ಬರೀತೀರಿ ಅಂತ ನನಗೆ ಗೊತ್ತು. ನಿಮ್ಮ ಮೇಲೆ ನಂಬಿಕೆ ಇದೆ, ಬಹಳ ಇದೆ.

ಎಲ್ಲಿ, ಮೊದಲು ಕೈ ಚಾಚಿ.